ಸಹಾಯ ಬೇಕು: ವೇಲ್ಯಾಂಡ್ ಸೆಷನ್‌ನಲ್ಲಿ ಕ್ರೋಮಿಯಂಗೆ ಕನ್ನಡ ಕೀಲಿಮಣೆ

ಎಲ್ಲರಿಗೂ ನಮಸ್ಕಾರ. ಡೆಬಿಯನ್ 12 ಲಿನಕ್ಸ್‌ನ ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್‌ನಲ್ಲಿ ಎಫ್‌ಸಿಐಟಿಎಕ್ಸ್ 5 ಮತ್ತು ಎಂ17ಎನ್ ಎಂಬ ಭಾಷಾ ಇನ್‌ಪುಟ್ ತಂತ್ರಾಂಶಗಳ ಮೂಲಕ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸದಲ್ಲಿ ಕನ್ನಡ ಬರೆಯುತ್ತೇನೆ. ಪರದೆಯ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರ ಸೆಷನ್‌ನಲ್ಲಿ ಯಾವ ತೊಂದರೆಯೂ ಇರಲಿಲ್ಲ; ಅದರ ಹೊಸ ಬದಲಿಯಾದ ವೇಲ್ಯಾಂಡ್‌ಗೆ ಬಂದ ಮೇಲೆ, ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ವಿಭಾಗದಲ್ಲಿ ಎಫ್‌ಸಿಐಟಿಎಕ್ಸ್ ಆರಿಸಿದ್ದರೂ, ಕೇಟ್ ಪಠ್ಯ ಸಂಪಾದಕದಲ್ಲಿ ಮೂಡುವ ಕನ್ನಡ ಕ್ರೋಮಿಯಂ ಬ್ರೌಸರ್‌ನಲ್ಲಿ ಮೂಡುತ್ತಿಲ್ಲ. ಓಜೋನ್ ಪ್ಲಾಟ್‌ಫಾರ್ಮ್ (ಕ್ರೋಮಿಯಂನ ಪ್ರದರ್ಶನ ಪದರ) ಹಾಗೂ ವೇಲ್ಯಾಂಡ್ ಐಎಂಇಗೆ (ಇನ್‌ಪುಟ್ ವಿಧಾನಕ್ಕೆ) ಸಂಬಂಧಿಸಿದ ಎರಡು ಫ್ಲ್ಯಾಗ್‌ಗಳನ್ನು, ಅಂದರೆ ತೆರೆಯುವಾಗಿನ ಆಯ್ಕೆಗಳನ್ನು, ಕೊಟ್ಟು ಟರ್ಮಿನಲ್‌ನಿಂದ ತೆರೆದರೆ ಸರಿಯಾಗಿ ಬರುತ್ತದೆ, ಮೆನುವಿನಿಂದ ತೆರೆದರೆ ಇಲ್ಲ.

ಈ ಫ್ಲ್ಯಾಗ್‌ಗಳನ್ನು ಶಾಶ್ವತವಾಗಿ ಇರಿಸಲು ಎಲ್ಲ ಬಳಕೆದಾರರಿಗೂ ಅನ್ವಯಿಸುವ, ಇಟಿಸಿ ಒಳಗಿನ ಕ್ರೋಮಿಯಂ.ಡಿ ಫೋಲ್ಡರ್ ಸೂಕ್ತವೇ, ಅಥವಾ ಮೆನುವಿನಿಂದ ತೆರೆಯಲು ಬಳಕೆಯಾಗುವ ಡೆಸ್ಕ್‌ಟಾಪ್ ಫೈಲ್‌ನ ಒಂದು ನಕಲನ್ನು ನನ್ನ ಹೋಮ್ ಫೋಲ್ಡರ್‌ನಲ್ಲಿ ತಿದ್ದಿಕೊಳ್ಳಬೇಕೇ? ಇದೇ ಕಂಪ್ಯೂಟರಿನಲ್ಲಿ ಮನೆಯ ಇತರರು ಎಕ್ಸ್11 ಬಳಸುವುದರಿಂದ ಎರಡನೆಯದೇ ಲೇಸೆಂದು ನನಗೆ ಅನಿಸುತ್ತದೆ. ಎರಡೂ ಸೆಷನ್‌ಗಳಿಗೆ ಹೊಂದುವ ಫ್ಲ್ಯಾಗ್ ಇದ್ದರೆ ಬಲ್ಲವರು ದಯವಿಟ್ಟು ತಿಳಿಸಿ.