ಉಟ್ರಿಲೋನ ಬಿಳಿ ಗೋಡೆಗಳು

ಪ್ರಶ್ನೆ:
ಫ್ರೆಂಚ್ ಚಿತ್ರಕಾರ ಮೊರಿಸ್ ಉಟ್ರಿಲೋ ಸುಮಾರು 1909ರಿಂದ 1914ರವರೆಗೆ ಬಿಡಿಸಿದ ಪ್ಯಾರಿಸ್ಸಿನ ಬೀದಿಚಿತ್ರಗಳಲ್ಲಿ ಗೋಡೆಗಳು ನಿಜವಾಗಿಯೂ ಗಾರೆ ಬಳಿದಂತೆ ಒರಟಾಗಿ ಕಾಣುತ್ತವೆ. ಈ ಪರಿಣಾಮವನ್ನು ಆತ ಸಾಧಿಸಿದ್ದು ಹೇಗೆ? ಬೀದಿಗಳ ಚಿತ್ರವಿರುವ ಪೋಸ್ಟ್‌ಕಾರ್ಡುಗಳನ್ನು ನೋಡಿ ಚಿತ್ರಿಸುತ್ತಿದ್ದನೆಂಬ ಮಾತು ನಿಜವೇ?

ಉತ್ತರ 1:
ಸತುವಿನ ಬಿಳಿ ಬಣ್ಣಕ್ಕೆ ಆತ ಪ್ಲಾಸ್ಟರನ್ನೇ ಬೆರೆಸಿ ದಪ್ಪವಾಗಿ ಹಚ್ಚುತ್ತಿದ್ದ. ಆದ್ದರಿಂದ ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದ ಹಳೆಯ ಮನೆಗಳ ತೇವ, ಬಿರುಕು, ಮಾಸಲು ಬೂದುಬಣ್ಣ ಎಲ್ಲವೂ ಕ್ಯಾನ್ವಾಸಿನ ಮೇಲೆ ಕೈಗೆ ಸಿಗುವಷ್ಟು ಹತ್ತಿರವಾಗುತ್ತವೆ. ಆ ಕಾಲದ ಚಿತ್ರಗಳನ್ನೇ ವಿಮರ್ಶಕರು ಆತನ ‘ಬಿಳಿಯ ಅವಧಿ’ ಎನ್ನುತ್ತಾರೆ. ನನ್ನ ಮಟ್ಟಿಗೆ ಆತನ ಶ್ರೇಷ್ಠ ಕೆಲಸವೂ ಅದೇ. ನಂತರದ ಚಿತ್ರಗಳ ಬಣ್ಣ ಗಾಢವಾದರೂ ಗೋಡೆಗಳ ಆ ಜೀವ ಮರಳಲಿಲ್ಲ.

ಉತ್ತರ 2:
ಪೋಸ್ಟ್‌ಕಾರ್ಡಿನ ಮಾತು ನಿಜ. ಆದರೆ ಅದರಿಂದ ಆತನ ಯೋಗ್ಯತೆ ಕುಗ್ಗುವುದಿಲ್ಲ, ಏಕೆಂದರೆ ಕಾರ್ಡು ಕೊಡುತ್ತಿದ್ದುದು ಬೀದಿಯ ರೇಖೆಗಳನ್ನು ಮಾತ್ರ. ಬಣ್ಣವೂ ಒಂಟಿತನವೂ ಆತನವೇ. ಆತ 1883ರಲ್ಲಿ ಮೋಂಮಾರ್ತ್ರ್ ಗುಡ್ಡದಲ್ಲೇ ಹುಟ್ಟಿದವನು. ಹದಿಹರೆಯದಲ್ಲೇ ಕುಡಿತಕ್ಕೆ ಬಿದ್ದ ಮಗನ ಕೈಗೆ ಕುಂಚ ಕೊಟ್ಟವಳು ತಾಯಿ ಸುಝಾನ್ ವಲದೋಂ. ಚಿತ್ರಕಾರ ರೆನ್ವಾರ್‌ನಂಥವರಿಗೆ ರೂಪದರ್ಶಿಯಾಗಿದ್ದು, ಮುಂದೆ ತಾನೇ ದೊಡ್ಡ ಚಿತ್ರಕಾರ್ತಿಯಾದ ಆಕೆಯನ್ನು ಬಿಟ್ಟು ಉಟ್ರಿಲೋನ ಬಗ್ಗೆ ಮಾತನಾಡುವುದೇ ಅನ್ಯಾಯ.

ಉತ್ತರ 3:
ಒಂದು ಸೇರ್ಪಡೆ: ಮೋಂಮಾರ್ತ್ರ್‌ನ ‘ಲಾಪಾಂ ಅಜೀಲ್’ ಎಂಬ ಪಾನಗೃಹವನ್ನು ಆತ ಮತ್ತೆ ಮತ್ತೆ ಚಿತ್ರಿಸಿದ್ದಾನೆ. ಬೇರೆ ಬೇರೆ ವರ್ಷಗಳ ಆ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೊದಲ ಉತ್ತರದಲ್ಲಿ ಹೇಳಿರುವ ಬದಲಾವಣೆ ಸ್ಪಷ್ಟವಾಗುತ್ತದೆ.