ನಂಬರ್ ಮೈನಸ್ 6, ಕಾರ್ನಿಯಾ 505. ಮದುವೆಗೆ ಮೊದಲು ಲೇಸರ್ ಮಾಡಿಸಬಹುದಾ?

ಡೊಂಬಿವಿಲಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಗದಗ ಕಡೆ. ಈಗ ಡೊಂಬಿವಿಲಿಯಲ್ಲಿ ಅಣ್ಣ ಅತ್ತಿಗೆ ಜೊತೆ ಇದ್ದೇನೆ. ವಯಸ್ಸು 25. ಎರಡೂ ಕಣ್ಣಿಗೆ ನಂಬರ್ ಮೈನಸ್ 6, ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ನಂಬರ್) ಮೈನಸ್ 1. ಎರಡು ವರ್ಷದಿಂದ ನಂಬರ್ ಬದಲಾಗಿಲ್ಲ. ಬೆಳಗ್ಗೆ ಎದ್ದರೆ ಗೋಡೆ ಗಡಿಯಾರ ಕಾಣುವುದಿಲ್ಲ, ಮೊದಲು ದಿಂಬಿನ ಪಕ್ಕ ಕೈಯಾಡಿಸಿ ಕನ್ನಡಕ ಹುಡುಕಬೇಕು. ಮಳೆಗಾಲದಲ್ಲಿ ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಗಾಜಿನ ಹೊರಗೆ ನೀರು, ಒಳಗೆ ಹಬೆ. ಅದಕ್ಕೇ ಆಫೀಸಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಸಂಜೆ ಹೊತ್ತಿಗೆ ಕಣ್ಣು ಕೆಂಪಗಾಗಿರುತ್ತದೆ.

ದೀಪಾವಳಿ ಆದಮೇಲೆ ಮದುವೆ. ಅಷ್ಟರಲ್ಲಿ ಕನ್ನಡಕ ಬಿಡಿಸಿಬಿಡಿ ಅಂತ ಸೋದರತ್ತೆ ಅಮ್ಮನಿಗೆ ದಿನಾ ಫೋನ್ ಮಾಡುತ್ತಾರೆ. ಹುಡುಗನ ಕಡೆಯವರು ಏನೂ ಹೇಳಿಲ್ಲ. ಆದರೆ ನನಗೂ ತುಂಬಾ ಆಸೆ ಇದೆ.

ಒಂದು ಕಡೆ ತೋರಿಸಿ ಬಂದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರದ ದಪ್ಪ, 505 ಅಂತ ಬಂತು. ಆರಾಮಾಗಿ ಆಗುತ್ತದೆ, ಈ ತಿಂಗಳೇ ಬುಕ್ ಮಾಡಿದರೆ ರಿಯಾಯಿತಿ ಇದೆ ಅಂದರು. ಲಾಸಿಕ್, ಸ್ಮೈಲ್, ಪಿಆರ್‌ಕೆ ಅಂತ ಮೂರು ಪ್ಯಾಕೇಜ್ ಓದಿ ಹೇಳಿದರು, ಯಾವುದು ಯಾಕೆ ಅಂತ ಹೇಳಲಿಲ್ಲ. ಮಧ್ಯದಲ್ಲಿ ರೆಪ್ಪೆ ಬಡಿದರೆ ಏನಾಗುತ್ತದೆ? ನಂಬರ್ ಮತ್ತೆ ಬರುತ್ತದಾ? ಲೋಕಲ್ ರೈಲಿನಲ್ಲಿ ಯಾವಾಗಿನಿಂದ ಓಡಾಡಬಹುದು? ಅಮ್ಮ ಅಂತೂ "ಬೆಂಕಿಯಿಂದ ಕಣ್ಣು ಸುಡುತ್ತಾರಂತೆ" ಅಂತ ಅಳುತ್ತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಠಾಣೆ ರಾತ್ರಿಪಾಳಿ:

ನಾನು ಲಾಸಿಕ್ ಮಾಡಿಸಿಕೊಂಡಿದ್ದೇನೆ, ನಂಬರ್ ಮೈನಸ್ 4 ಇತ್ತು. ನೋವು ಅನ್ನುವಂಥದ್ದು ಇರಲಿಲ್ಲ. ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಆಮೇಲೆ ಕಣ್ಣನ್ನು ಯಾರೋ ಅದುಮಿದ ಹಾಗೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಎಲ್ಲ ಕಪ್ಪಾಗುತ್ತದೆ. ಅದನ್ನು ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಅವತ್ತು ಸಂಜೆ ಈರುಳ್ಳಿ ಹೆಚ್ಚಿದ ಹಾಗೆ ಉರಿ. ಮಾರನೇ ದಿನ ಬಾಲ್ಕನಿಯಿಂದ ಎದುರು ಕಟ್ಟಡದ ಹೆಸರು ಓದಿದೆ. ಆ ಖುಷಿ ಹೇಳಲಿಕ್ಕೆ ಬರುವುದಿಲ್ಲ.

ಆದರೆ ಎರಡು ವಿಷಯ. ಕೆಲವು ತಿಂಗಳು ಕಣ್ಣು ಒಣಗುತ್ತಿತ್ತು, ಎಸಿ ಆಫೀಸಿನಲ್ಲಿ ಜಾಸ್ತಿ. ಮತ್ತೆ ರಾತ್ರಿ ಘೋಡ್‌ಬಂದರ್ ರಸ್ತೆಯಲ್ಲಿ ಬೈಕ್ ಓಡಿಸುವಾಗ ಎದುರಿನ ಲಾರಿ ಲೈಟಿನ ಸುತ್ತ ಬಳೆಯಂಥ ಬೆಳಕು. ಎರಡೂ ಕಡಿಮೆಯಾದವು. ಕಡಿಮೆಯಾಗುವ ತನಕ ರಾತ್ರಿ ಬೈಕ್ ಮುಟ್ಟಲಿಲ್ಲ. ಹಣದ ಬಗ್ಗೆ: ನಂಬರ್ 7.5ಕ್ಕಿಂತ ಕಡಿಮೆ ಇದ್ದರೆ ಮೆಡಿಕ್ಲೇಮ್ ಸಾಮಾನ್ಯವಾಗಿ ಕೊಡುವುದಿಲ್ಲ. ಕೈಯಿಂದಲೇ ಹಾಕಬೇಕು.

ಮುಲುಂಡ್ ಕನ್ನಡಕದಕ್ಕ:

ತಂಗಿ, ನಾನು ಕುಂದಾಪುರದವಳು, ಮುಲುಂಡ್‌ನಲ್ಲಿ ಆಪ್ಟೋಮೆಟ್ರಿಸ್ಟ್. ಲೇಸರ್‌ಗೆ ಬರುವವರ ಕಣ್ಣು ಮೊದಲು ಅಳೆಯುವವರು ನಮ್ಮಂಥವರೇ. ಆಪರೇಷನ್ ಮಾಡುವ ಡಾಕ್ಟರ್ ನಾನಲ್ಲ, ಹಾಗಾಗಿ ಮಾಡಿಸಿ, ಬೇಡ ಅಂತ ಇಲ್ಲಿ ಕೂತು ಹೇಳುವುದಿಲ್ಲ. ಆದರೆ "ಆರಾಮಾಗಿ ಆಗುತ್ತದೆ" ಅನ್ನುವ ಮಾತು ನಿಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ಅದನ್ನು ನೀವೇ ಕೂಡಿ ಕಳೆದು ನೋಡಬಹುದು.

505 ಅಂದರೆ ಮೈಕ್ರಾನ್, ಅರ್ಧ ಮಿಲಿಮೀಟರ್ ಅಷ್ಟೆ. ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದೆ, ನಿಮ್ಮದು ಸ್ವಲ್ಪ ತೆಳು. ಲಾಸಿಕ್‌ನಲ್ಲಿ ಮೊದಲು ಮೇಲಿನ ಒಂದು ಪದರವನ್ನು ಮುಚ್ಚಳದ ಹಾಗೆ ಎತ್ತುತ್ತಾರೆ. ಅದಕ್ಕೆ ಫ್ಲ್ಯಾಪ್ ಅನ್ನುತ್ತೇವೆ, ಸುಮಾರು 110 ಮೈಕ್ರಾನ್. ಅದರ ಕೆಳಗೆ ಲೇಸರ್ ಕೆತ್ತುತ್ತದೆ. 6.5 ಮಿಲಿಮೀಟರ್ ಅಗಲಕ್ಕೆ ಕೆತ್ತಿದರೆ ಒಂದೊಂದು ನಂಬರಿಗೂ ಸುಮಾರು 14 ಮೈಕ್ರಾನ್ ಹೋಗುತ್ತದೆ. ಆರಕ್ಕೆ 84. ಇಲ್ಲಿ ಸಿಲಿಂಡರನ್ನು ಮರೆಯಬಾರದು. ಅದನ್ನೂ ಸೇರಿಸಿದರೆ ಏಳು, ಅಂದರೆ 98. ಈಗ 505ರಲ್ಲಿ 110 ಮತ್ತು 98 ಕಳೆಯಿರಿ, 297 ಉಳಿಯಿತು. ಕೆಳಗೆ 250ಕ್ಕಿಂತ ಕಡಿಮೆ ಉಳಿಸಲೇಬಾರದು ಅನ್ನುವುದು ಹಳೆಯ ನಿಯಮ. ಈಗ ಬಹಳ ಡಾಕ್ಟರುಗಳು 300 ಬೇಕು ಅನ್ನುತ್ತಾರೆ. ಇನ್ನೊಂದು ಲೆಕ್ಕವೂ ಇದೆ. ಫ್ಲ್ಯಾಪ್ ಮತ್ತು ಕೆತ್ತಿದ್ದು ಸೇರಿ ಒಟ್ಟು ದಪ್ಪದ ಶೇಕಡಾ 40 ದಾಟಬಾರದು ಅಂತ. ನಿಮ್ಮದು 41ರ ಹತ್ತಿರ ಬರುತ್ತದೆ.

ಹಾಗಂತ ದಾರಿ ಮುಚ್ಚಿತು ಅಂತಲ್ಲ. ಪಿಆರ್‌ಕೆಯಲ್ಲಿ ಫ್ಲ್ಯಾಪ್ ಇಲ್ಲ. ಮೇಲಿನ ತೆಳು ಚರ್ಮದಂಥ ಪದರ ಮಾತ್ರ ತೆಗೆದು ಕೆತ್ತುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಮೂರು ನಾಲ್ಕು ದಿನ ಚೆನ್ನಾಗಿ ನೋವಿರುತ್ತದೆ, ಕಣ್ಣು ನಿಚ್ಚಳವಾಗಲು ವಾರಗಳು ಬೇಕು. ಸ್ಮೈಲ್‌ನಲ್ಲಿ ಕೆಲವೇ ಮಿಲಿಮೀಟರಿನ ಸೀಳಿನಿಂದ ಒಳಗಿನ ತೆಳು ಬಿಲ್ಲೆ ತೆಗೆಯುತ್ತಾರೆ. ಅಲ್ಲೂ ಫ್ಲ್ಯಾಪ್ ಇಲ್ಲ, ಆದರೆ ಹೋಗುವ ದಪ್ಪ ಏನೂ ಕಡಿಮೆಯಲ್ಲ. ಕಾರ್ನಿಯಾ ಮುಟ್ಟದೆ ಕಣ್ಣಿನೊಳಗೇ ಲೆನ್ಸ್ ಕೂರಿಸುವ ಐಸಿಎಲ್ ಕೂಡ ಇದೆ, ಖರ್ಚು ಜಾಸ್ತಿ. ಪ್ಯಾಕೇಜಿನ ಬೆಲೆ ನೋಡಿ ಇವುಗಳಲ್ಲಿ ಆರಿಸಬೇಡಿ. ನಿಮ್ಮ ಕಣ್ಣಿಗೆ ಯಾವುದು, ಯಾಕೆ, ಕೊನೆಗೆ ಎಷ್ಟು ಮೈಕ್ರಾನ್ ಉಳಿಯುತ್ತದೆ ಅಂತ ಡಾಕ್ಟರ ಬಾಯಿಂದಲೇ ಕೇಳಿ.

ರೆಪ್ಪೆ ಬಡಿಯುವ ಚಿಂತೆ ಬಿಡಿ. ರೆಪ್ಪೆ ಮುಚ್ಚದಂತೆ ಕ್ಲಿಪ್ ಇಡುತ್ತಾರೆ. ಲಾಸಿಕ್, ಪಿಆರ್‌ಕೆಯಲ್ಲಿ ಕೆತ್ತುವಾಗ ಕಣ್ಣು ಅಲುಗಿದರೆ ಮೆಷಿನ್ ಹಿಂಬಾಲಿಸುತ್ತದೆ, ಜಾಸ್ತಿ ಅಲುಗಿದರೆ ನಿಂತುಬಿಡುತ್ತದೆ. ನಂಬರ್ ಸ್ವಲ್ಪ ಮರಳುವುದು ಉಂಟು, ದೊಡ್ಡ ನಂಬರಿನವರಿಗೆ ಸ್ವಲ್ಪ ಜಾಸ್ತಿ. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಎಲ್ಲರ ಹಾಗೆ ನಿಮಗೂ ಬರಬಹುದು.

ಅಮ್ಮನಿಗೆ ಹೇಳಿ, ಇದು ಬೆಂಕಿಯಲ್ಲ. ಕೆತ್ತುವ ಎಕ್ಸೈಮರ್ ಲೇಸರ್ ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಅಂಗಾಂಶವನ್ನು ಸುಡುವುದಿಲ್ಲ, ಅದರ ಅಣುಗಳ ಬೆಸುಗೆಯನ್ನೇ ಬಿಡಿಸುತ್ತದೆ. ಪಕ್ಕದ ಜಾಗ ಸುಡುವಷ್ಟು ಬಿಸಿಯಾಗುವುದಿಲ್ಲ. ಇದನ್ನು ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ಚೆನ್ನೈಯಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಶಾಲೆಯಲ್ಲಿ, ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಲೇಸರ್ ಬಿಟ್ಟು ನೋಡಿದ್ದರು. ಇದನ್ನು ಹೇಳಿದ ಮೇಲೆ ಎಷ್ಟೋ ತಾಯಂದಿರ ಮುಖ ಸಡಿಲಾಗಿದ್ದನ್ನು ನೋಡಿದ್ದೇನೆ.

ಒಂದು ಪ್ರಶ್ನೆ ನಿಮಗೆ. ಸ್ಕ್ಯಾನ್ ಮಾಡಿಸುವ ಮೊದಲು ಲೆನ್ಸ್ ಎಷ್ಟು ದಿನ ಬಿಟ್ಟಿದ್ದಿರಿ? ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ನೋಡಿದರಾ?

ಡೊಂಬಿವಿಲಿ ಹುಡುಗಿ:

ಅಕ್ಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಲೆನ್ಸ್ ಹಾಕಿಕೊಂಡೇ ಹೋಗಿದ್ದೆ. ಅಲ್ಲೇ ತೆಗೆಸಿ ತಕ್ಷಣ ಸ್ಕ್ಯಾನ್ ಮಾಡಿದರು. ರೆಟಿನಾ ನೋಡಲಿಲ್ಲ.

ಚೆಂಬೂರಿನ ಅಮ್ಮ:

ನಡುವೆ ಬರೆಯುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಲೇಸರ್‌ಗೆ ಅಂತಲೇ ಹೋಗಿದ್ದ. ಡಾಕ್ಟರು ಕಾರ್ನಿಯಾದ ನಕ್ಷೆ ನೋಡಿ "ಆಗುವುದಿಲ್ಲ" ಅಂದರು. ಕೆರಟೋಕೋನಸ್ ಶುರುವಾಗಿತ್ತು, ಅಂದರೆ ಕಾರ್ನಿಯಾ ತೆಳ್ಳಗಾಗುತ್ತಾ ಮುಂದಕ್ಕೆ ಉಬ್ಬುವುದು. ಲೇಸರ್ ಮಾಡಿದ್ದರೆ ಇನ್ನೂ ಬೇಗ ಹದಗೆಡುತ್ತಿತ್ತಂತೆ. ವಿಟಮಿನ್ ಡ್ರಾಪ್ಸ್ ಹಾಕಿ ಬೆಳಕು ಬಿಟ್ಟು ಗಟ್ಟಿ ಮಾಡುವ ಚಿಕಿತ್ಸೆ ಕೊಟ್ಟರು, ಕ್ರಾಸ್ ಲಿಂಕಿಂಗ್ ಅಂತ. ಈಗ ಅಲ್ಲಿಗೇ ನಿಂತಿದೆ. ಅವನು ಚಿಕ್ಕಂದಿನಿಂದ ಕಣ್ಣು ಉಜ್ಜುತ್ತಿದ್ದ. ನಿಮಗೂ ಆ ಅಭ್ಯಾಸ ಇದ್ದರೆ, ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ ಮಗಳೇ. ಅವತ್ತು "ಆಗುವುದಿಲ್ಲ" ಅಂದ ಡಾಕ್ಟರನ್ನು ಇವತ್ತಿಗೂ ನೆನೆಯುತ್ತೇನೆ.

ಮುಲುಂಡ್ ಕನ್ನಡಕದಕ್ಕ:

ಚೆಂಬೂರಿನಮ್ಮ ಹೇಳಿದ್ದೇ ನನಗೂ ಎಲ್ಲಕ್ಕಿಂತ ಮುಖ್ಯ. ಲೆನ್ಸ್ ಕಾರ್ನಿಯಾದ ಆಕಾರವನ್ನು ಸ್ವಲ್ಪ ಬದಲಿಸಿರುತ್ತದೆ. ಅದನ್ನು ತೆಗೆದ ತಕ್ಷಣ ಮಾಡಿದ ನಕ್ಷೆಯನ್ನು ನಂಬಲಿಕ್ಕೆ ಆಗುವುದಿಲ್ಲ. ಮೆತ್ತನೆ ಲೆನ್ಸ್ ಆದರೆ ಎರಡು ವಾರ ಪೂರ್ತಿ ಬಿಡಿ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ. ಆಮೇಲೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿ. 505 ಅನ್ನುವ ಸಂಖ್ಯೆಯೂ ಅತ್ತಿತ್ತ ಆಗಬಹುದು, ಆಗ ಮೇಲಿನ ಲೆಕ್ಕವನ್ನು ಹೊಸದಾಗಿ ಹಾಕಬೇಕು. ರಿಯಾಯಿತಿ ಹೋದರೆ ಹೋಗಲಿ.

ರೆಟಿನಾ ನೋಡಿಸಲೇಬೇಕು. ಮೈನಸ್ 6 ಅಂದರೆ ಕಣ್ಣುಗುಡ್ಡೆ ಉದ್ದ, ಹಿಂದಿನ ಪರದೆ ಅಂಚಿನಲ್ಲಿ ತೆಳುವಾಗಿರಬಹುದು. ಲೇಸರ್ ಮುಂದಿನ ಗಾಜನ್ನು ಸರಿಮಾಡುತ್ತದೆ, ಕಣ್ಣಿನ ಉದ್ದ ಹಾಗೇ ಇರುತ್ತದೆ. ಕನ್ನಡಕ ಹೋದಮೇಲೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಆ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಸುಕು ಮಸುಕು. ವಾಪಸ್ ಬರಲು ಅತ್ತಿಗೆಯನ್ನು ಕರೆದುಕೊಂಡು ಹೋಗಿ, ಒಬ್ಬರೇ ರೈಲು ಹತ್ತಬೇಡಿ.

ಮದುವೆ ವಿಷಯ. ಆಪರೇಷನ್ ಮಾಡಿಸುವುದೇ ಆದರೆ ಮದುವೆಗೆ ಎರಡು ಮೂರು ತಿಂಗಳ ಅಂತರ ಇರಲಿ. ಕಾಡಿಗೆ, ಮೇಕಪ್ ಎಲ್ಲ ಡಾಕ್ಟರ್ ಹೇಳುವ ತನಕ ಬೇಡ. ಹೋಮದ ಹೊಗೆ, ಮುಖಕ್ಕೆ ನೇರ ಬೀಳುವ ಅಕ್ಷತೆ, ಇವೆಲ್ಲ ಹಸಿ ಕಣ್ಣಿಗೆ ಒಳ್ಳೆಯದಲ್ಲ. ಆರತಕ್ಷತೆಯ ದೀಪಗಳ ಮುಂದೆ ಗಂಟೆಗಟ್ಟಲೆ ನಿಲ್ಲುವಾಗ ಒಣಕಣ್ಣು ಇದ್ದರೆ ಬಹಳ ಹಿಂಸೆ. ಅಷ್ಟು ದಿನ ಸಿಗದಿದ್ದರೆ ಮದುವೆ ಆದಮೇಲೆ ನೋಡಿ. ಗರ್ಭಿಣಿಯಾದಾಗ, ಮಗುವಿಗೆ ಹಾಲು ಕುಡಿಸುವಾಗ ನಂಬರ್ ಏರುಪೇರಾಗುತ್ತದೆ, ಆಗ ಮಾಡುವುದಿಲ್ಲ. ಅದನ್ನೂ ಇಬ್ಬರೂ ಕೂತು ಮಾತಾಡಿಕೊಳ್ಳಿ.

ರೈಲು: ಲಾಸಿಕ್ ಆದರೆ ಮೊದಲ ವಾರ ಜನಜಂಗುಳಿಯ ಡಬ್ಬಿ ಬೇಡವೇ ಬೇಡ. ಯಾರದ್ದೋ ಮೊಣಕೈ ಕಣ್ಣಿಗೆ ತಾಗಿದರೆ ಫ್ಲ್ಯಾಪ್ ಸರಿಯಬಹುದು. ಆಮೇಲೂ ಕೆಲವು ವಾರ ನಂಬರ್ ಇಲ್ಲದ ಸಾದಾ ಕನ್ನಡಕ ಹಾಕಿಕೊಂಡು ಹೋಗಿ. ಮಳೆಗಾಲದಲ್ಲಿ ಕೆಂಗಣ್ಣು ಹರಡುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದಿದ್ದರೂ ತಾರೀಖು ಮುಂದೆ ಹಾಕಿಸಿ.

ಎಲ್ಲ ಸರಿಯಾಗಿ ಮಾಡಿಸಿಕೊಂಡರೆ ಆಪರೇಷನ್‌ಗೆ ಮೊದಲಿನ ನಂಬರ್ ಮತ್ತು ನಕ್ಷೆಯ ಪ್ರತಿ ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಿ. ಮುಂದೆ ವಯಸ್ಸಾದಾಗ ಕಣ್ಣಿನ ಪೊರೆ ಬಂದರೆ, ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಆ ಡಾಕ್ಟರಿಗೆ ಅದು ಬೇಕಾಗುತ್ತದೆ. ಆಗ ಹುಡುಕಿದರೆ ಆಸ್ಪತ್ರೆಯಲ್ಲಿ ಸಿಗುವುದು ಕಷ್ಟ.