ಟ್ರ್ಯಾಕ್ ಕಾರಿನ ಬಕೆಟ್ ಸೀಟು ಇನ್ನೂ 40 ಮಿ.ಮೀ. ಕೆಳಗಿಳಿಯಬೇಕು, ಅಲುಗಲೂಬಾರದು. ಹೇಗೆ?

ಹ್ಯಾಚ್_ಲ್ಯಾಪ್:
ಟ್ರ್ಯಾಕಿಗೆ ಮಾತ್ರ ಬಳಸುವ ಹ್ಯಾಚ್‌ಬ್ಯಾಕ್. ಸೈಡ್ ಮೌಂಟ್ ಇರುವ ಫೈಬರ್ ಬಕೆಟ್ ಸೀಟು. ಈಗ ಕ್ರಾಸ್‌ಮೆಂಬರ್ (ನೆಲದ ಅಡ್ಡ ತೊಲೆ) ಮೇಲೆ ಅಡಾಪ್ಟರ್ ಫ್ರೇಮ್, ಅದರ ಮೇಲೆ ಸ್ಲೈಡರ್ (ಸೀಟು ಹಿಂದೆ ಮುಂದೆ ಸರಿಸುವ ಹಳಿ), ಅದರ ಮೇಲೆ ಸೈಡ್ ಬ್ರಾಕೆಟ್. ಹೆಲ್ಮೆಟ್ ಹಾಕಿ ಕೂತರೆ ಕೇಜ್ (ಕಾರು ಮಗುಚಿದರೆ ಕಾಯುವ ಚೌಕಟ್ಟು) ಪೈಪಿಗೂ ತಲೆಗೂ ನಡುವೆ ಎರಡು ಬೆರಳಿನಷ್ಟು ಜಾಗವೂ ಇಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಸೀಟು ಕದಲುತ್ತದೆ. ಎಲ್ಲ ಕಿತ್ತು, ಸೀಟನ್ನು ಎಲ್ ಬ್ರಾಕೆಟ್‌ನಲ್ಲಿ ನೇರ ನೆಲದ ತಗಡಿಗೆ ದೊಡ್ಡ ವಾಷರ್ ಕೊಟ್ಟು ಬಿಗಿದರೆ ಸಾಕೇ? ಅಡ್ಡ ಬರುವ ಕ್ರಾಸ್‌ಮೆಂಬರ್ ಕತ್ತರಿಸಬಹುದೇ?

ವೆಲ್ಡ್_ಮತ್ತು_ಫಿಟ್:
ದಯವಿಟ್ಟು ಹಾಗೆ ಮಾಡಬೇಡಿ. ಲೆಕ್ಕ ನೋಡಿ: 80 ಕೆ.ಜಿ. ಚಾಲಕ, 10 ಕೆ.ಜಿ. ಸೀಟು. 20 ಜಿ (ಗುರುತ್ವದ 20 ಪಟ್ಟು) ಪೆಟ್ಟಿಗೆ ಸುಮಾರು 18 ಕಿಲೋನ್ಯೂಟನ್ ಬಲ. ಎಂ8 ಅಳತೆಯ 8.8 ಗ್ರೇಡ್ ಬೋಲ್ಟ್ ಒಂದೇ ನೇರ ಎಳೆತದಲ್ಲಿ 21 ಕಿಲೋನ್ಯೂಟನ್ ಹತ್ತಿರದವರೆಗೆ ತಾಳುತ್ತದೆ. ಅಂದರೆ ಮೊದಲು ಸೋಲುವುದು ಬೋಲ್ಟ್ ಅಲ್ಲ, ಒಂದು ಮಿ.ಮೀ. ಆಸುಪಾಸಿನ ನೆಲದ ತಗಡು. ವಾಷರ್ ತಟ್ಟೆಯ ಹಾಗೆ ಬಾಗಿ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ.

ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ) ನಿಯಮಗಳ ಅನುಬಂಧ ಜೆ, ವಿಧಿ 253ರ ಅಳತೆಗಳನ್ನು ಕನಿಷ್ಠ ಎಂದೇ ಹಿಡಿಯಿರಿ: ಒಂದು ಸೀಟಿಗೆ ನಾಲ್ಕು ನೆಲೆ, 8 ಮಿ.ಮೀ. ಬೋಲ್ಟ್, ತಗಡಿನ ಆಚೆ ಬದಿಗೆ ಕೌಂಟರ್ ಪ್ಲೇಟು. ಪ್ರತಿ ನೆಲೆಯಲ್ಲೂ 40 ಚದರ ಸೆಂ.ಮೀ. ಸಂಪರ್ಕ ಬೇಕು. 60×70 ಮಿ.ಮೀ. ಪ್ಲೇಟು ಕತ್ತರಿಸಿದರೆ ಸಾಕಾಗುತ್ತದೆ. ಪ್ಲೇಟಿನ ದಪ್ಪ: ಉಕ್ಕಾದರೆ 3 ಮಿ.ಮೀ., ಅಲ್ಯೂಮಿನಿಯಂ ಆದರೆ 5. ಪ್ಲೇಟಿನ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಚೂಪು ಮೂಲೆಯಿಂದಲೇ ತಗಡು ಸೀಳಲು ಶುರುವಾಗುತ್ತದೆ.

ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಎರಡು ಅಡ್ಡ ಟ್ಯೂಬ್. 3 ಮಿ.ಮೀ. ಗೋಡೆಯ 25×25 ಚೌಕ ಟ್ಯೂಬನ್ನು ಬಾಗಿಲಡಿಯ ಸಿಲ್‌ನಿಂದ ನೆಲದ ನಡುವಿನ ಉಬ್ಬಾದ ಟನಲ್‌ವರೆಗೆ ಹಾಯಿಸಿ, ಎರಡೂ ತುದಿಗೆ ಪ್ಲೇಟು ಕೊಟ್ಟು ವೆಲ್ಡ್ ಮಾಡಿ. ಆಗ ಭಾರ ನೆಲದ ತಗಡಿನ ಮೇಲೆ ಬೀಳದೆ ಸಿಲ್ ಮತ್ತು ಟನಲ್‌ಗೆ ಹೋಗುತ್ತದೆ. ಬೋಲ್ಟ್ ಹಾಯುವ ಕಡೆಯಲ್ಲೆಲ್ಲ ಟ್ಯೂಬಿನೊಳಗೆ ಸ್ಲೀವ್ (ಗಟ್ಟಿ ಕೊಳವೆ) ಕೂರಿಸಿ ವೆಲ್ಡ್ ಮಾಡುವುದನ್ನು ಮರೆಯಬೇಡಿ. ಸ್ಲೀವ್ ಇಲ್ಲದಿದ್ದರೆ ಬಿಗಿದಾಗ ಟ್ಯೂಬ್ ಅಮುಕಿಕೊಳ್ಳುತ್ತದೆ, ನಾಲ್ಕು ಲ್ಯಾಪ್ ಕಳೆಯುವಷ್ಟರಲ್ಲಿ ಬೋಲ್ಟ್ ಸಡಿಲ.

ಕ್ರಾಸ್‌ಮೆಂಬರ್ ಪಕ್ಕದಿಂದ ಬಿದ್ದ ಪೆಟ್ಟನ್ನು ಸಿಲ್‌ನಿಂದ ಟನಲ್‌ಗೆ ಸಾಗಿಸುವ ಅಂಗ. ಹೊಸ ಟ್ಯೂಬ್ ಅದೇ ಕೆಲಸ ಮಾಡುವ ಹಾಗಿದ್ದರೆ ಮಾತ್ರ ಕತ್ತರಿಸಿ.

ಎಂಎಂ_ಲೆಕ್ಕ:
ವೆಲ್ಡಿಂಗ್‌ಗೆ ಮುಂಚೆ ಕೂತು ನೋಡುವುದೇ ಅರ್ಧ ಕೆಲಸ. ಸ್ಲೈಡರ್ ತೆಗೆದರೇ 25–30 ಮಿ.ಮೀ. ಸಿಗುತ್ತದೆ. ಅದೂ ಅಲ್ಲದೆ ನೀವು ಹೇಳುವ ಅಲುಗಾಟದಲ್ಲಿ ದೊಡ್ಡ ಪಾಲು ಸ್ಲೈಡರಿನದೇ ಇರಬೇಕು. ಕಾರ್ಪೆಟ್, ಸದ್ದು ತಡೆಯುವ ಟಾರು ಹಾಳೆ ಎರಡನ್ನೂ ಪ್ಲೇಟು ಕೂರುವ ಜಾಗದಿಂದ ಕೆರೆದು ತೆಗೆಯಿರಿ. ಮೆತ್ತನೆಯದೇನೇ ನಡುವೆ ಉಳಿದರೂ ಅದು ಕುಗ್ಗಿ ಬಿಗಿ ಹೋಗುತ್ತದೆ. ಸೀಟನ್ನು ಮರದ ತುಂಡುಗಳ ಮೇಲಿಟ್ಟು, ಶೂ, ಹೆಲ್ಮೆಟ್ ಹಾಕಿಕೊಂಡು ಕೂತು, ಕ್ಲಚ್ ಪೂರ್ತಿ ಒತ್ತಿ ನೋಡಿ. ಕಾಲು ಆಗಲೂ ಸ್ವಲ್ಪ ಮಡಚಿರಬೇಕು. ಭುಜ ಸೀಟಿಗೆ ಒರಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಗಬೇಕು. ಸೀಟಿನ ತಳಕ್ಕೂ ನೆಲಕ್ಕೂ 10–15 ಮಿ.ಮೀ. ಅಂತರ ಇರಲಿ, ಇಲ್ಲದಿದ್ದರೆ ನೆಲ ಕಂಪಿಸುವಾಗ ಶೆಲ್ (ಸೀಟಿನ ಫೈಬರ್ ಚಿಪ್ಪು) ಉಜ್ಜುತ್ತದೆ.

ಎತ್ತರ ಹೊಂದಿದ ಮೇಲೆ ಟ್ಯಾಕ್ (ಚುಕ್ಕೆ ವೆಲ್ಡ್) ಮಾತ್ರ ಹಾಕಿ, ಮತ್ತೆ ಕೂತು ನೋಡಿ, ಆಮೇಲೆ ಪೂರ್ತಿ ವೆಲ್ಡ್. ಕೊರೆಯುವ ಮುನ್ನ ಕಾರಿನಡಿ ಹೋಗಿ ಬ್ರೇಕ್ ಪೈಪು, ಇಂಧನ ಪೈಪು ಎಲ್ಲಿವೆ ನೋಡಿ. ಬ್ಯಾಟರಿ ಕಳಚಿಡಿ.

ಸೈಡ್ ಬ್ರಾಕೆಟ್ ಎರಡೂ ಸಮಾನಾಂತರವಾಗಿರಬೇಕು. 3 ಮಿ.ಮೀ. ಸಂದು ಉಳಿದರೂ ಬೋಲ್ಟ್ ಬಿಗಿದಾಗ ಶೆಲ್ ಅಗಲಕ್ಕೆ ಎಳೆದುಕೊಂಡು ಇನ್ಸರ್ಟ್ (ಬೋಲ್ಟ್ ಹಿಡಿಯಲು ಶೆಲ್ಲಿನಲ್ಲಿ ಕೂರಿಸಿದ ಲೋಹದ ತುಣುಕು) ಸುತ್ತ ಬಿರುಕು ಬಿಡುತ್ತದೆ. ಸಂದಿಗೆ ಗಟ್ಟಿ ಸ್ಪೇಸರ್ ಒಂದೇ ಹಾಕಿ, ವಾಷರ್ ಪೇರಿಸಬೇಡಿ. ಎಂಟೂ ಬೋಲ್ಟುಗಳನ್ನು ಕೈಯಲ್ಲಿ ಕೂರಿಸಿದ ನಂತರವೇ ಬಿಗಿಯಿರಿ. ಉಕ್ಕಿಗೆ ಉಕ್ಕು ಸೇರುವ ಎಂ8, 8.8ಕ್ಕೆ 25 ನ್ಯೂಟನ್ ಮೀಟರ್. ಶೆಲ್ಲಿನ ಇನ್ಸರ್ಟಿಗೆ ಸೀಟು ತಯಾರಕರು ಕೊಟ್ಟ ಟಾರ್ಕ್. ಇನ್ಸರ್ಟಿಗೆ ಹೋಗುವ ಬೋಲ್ಟ್ ಉದ್ದ ಜಾಸ್ತಿಯಾದರೆ ತಳ ಮುಟ್ಟಿ ಶೆಲ್ಲಿನ ಒಳಕ್ಕೆ ಒತ್ತುತ್ತದೆ. ಟಾರ್ಕ್ ರೆಂಚ್ ಕಟ್ ಅನ್ನುತ್ತದೆ, ಬ್ರಾಕೆಟ್ ಮಾತ್ರ ಸಡಿಲವಾಗಿಯೇ ಇರುತ್ತದೆ.

ಆರು_ಬೆಲ್ಟ್:
ಬೆಲ್ಟಿನ ಮಾತು ಯಾರೂ ಎತ್ತಲಿಲ್ಲ. ಸೀಟು 40 ಮಿ.ಮೀ. ಇಳಿದರೆ ಭುಜವೂ ಅಷ್ಟೇ ಇಳಿಯುತ್ತದೆ, ಹಾರ್ನೆಸ್ ಬಾರ್ (ಭುಜದ ಪಟ್ಟಿ ಕಟ್ಟುವ ಅಡ್ಡ ಪೈಪು) ಇದ್ದಲ್ಲೇ ಇರುತ್ತದೆ. ಹ್ಯಾನ್ಸ್ (ತಲೆ, ಕುತ್ತಿಗೆ ಕಾಯುವ ಸಾಧನ) ಹಾಕುವವರಿಗೆ ಭುಜದ ಪಟ್ಟಿ ಹಿಂದಕ್ಕೆ ಹೋಗುವಾಗ ಸಮತಲದಿಂದ 20 ಡಿಗ್ರಿ ಕೆಳಗಿನವರೆಗೆ ಇರಬೇಕು. ಭುಜಕ್ಕಿಂತ ಮೇಲೇರಿದರೆ ಪಟ್ಟಿ ಸರಿಯಾಗಿ ಕೂರುವುದಿಲ್ಲ. ತೀರಾ ಕೆಳಗೆಳೆದರೆ ಪೆಟ್ಟಿನಲ್ಲಿ ಬೆನ್ನುಮೂಳೆ ಅಮುಕುತ್ತದೆ. ಸೊಂಟದ ಪಟ್ಟಿಯ ಕೋನವೂ ಚಪ್ಪಟೆಯಾಗುತ್ತದೆ. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಹೊಸ ಎತ್ತರದಲ್ಲಿ ಕೋನ ಅಳೆದು, ಬೇಕಿದ್ದರೆ ಪಟ್ಟಿ ಕಟ್ಟುವ ಕಣ್ಣುಬೋಲ್ಟಿನ ಜಾಗ ಬದಲಿಸಿ. ಪಟ್ಟಿ ಸೀಟಿನ ತೂತಿನ ಅಂಚಿಗೆ ಉಜ್ಜಬಾರದು.

ಹ್ಯಾಚ್_ಲ್ಯಾಪ್:
ಧನ್ಯವಾದ. ಅಡ್ಡ ಟ್ಯೂಬೇ ಮಾಡಿಸುತ್ತೇನೆ, ಸ್ಲೈಡರ್ ಇಲ್ಲದೆ. ಬೆನ್ನಿನ ಹಿಂದೆ ಕೇಜಿಗೆ ಒಂದು ಬ್ರೇಸ್ (ಆಧಾರದ ಕಂಬಿ) ಕೊಟ್ಟರೆ ಇನ್ನೂ ಭದ್ರವೇ?

ವೆಲ್ಡ್_ಮತ್ತು_ಫಿಟ್:
ಅಲ್ಯೂಮಿನಿಯಂ ಸೀಟಿಗೆ ಬ್ರೇಸ್ ಬೇಕು. ನಿಮ್ಮದು ಎಫ್‌ಐಎ 8855-1999 ಚೀಟಿಯ ಫೈಬರ್ ಶೆಲ್ ಆದರೆ, ತಯಾರಕರು ಹೇಳದ ಹೊರತು ಬೇಡ. ಅದು ಪೆಟ್ಟಿಗೆ ಒಂದಿಷ್ಟು ಬಾಗಿ ಶಕ್ತಿ ಹೀರಬೇಕು. ಬ್ರೇಸ್ ಕೊಟ್ಟರೆ ಎಲ್ಲ ಬಲ ಒಂದೇ ಚುಕ್ಕೆಯಲ್ಲಿ ಬೀಳುತ್ತದೆ. ಚೀಟಿಯಲ್ಲಿ ತಯಾರಿಕೆಯ ವರ್ಷವನ್ನೂ ನೋಡಿ, ಆ ದರ್ಜೆಯ ಸೀಟಿಗೆ ಆಯುಷ್ಯ 5 ವರ್ಷ. ಬಿಗಿದ ಪ್ರತಿ ಬೋಲ್ಟಿಗೂ ಬಣ್ಣದ ಗೆರೆ ಎಳೆದು, ಮೊದಲ ಸೆಷನ್ ಮುಗಿದ ಕೂಡಲೇ ಟಾರ್ಕ್ ಮತ್ತೊಮ್ಮೆ ನೋಡಿ.